ವಾಸಣ್ಣನ ಮೂಗು ಮತ್ತು ಮಠದ ಹುಳಿ

ಒಂದೂರಲ್ಲಿ ಒಬ್ಬ ಅಡುಗೆಯವನಿದ್ದ. ಶ್ರೀಮಂತನಲ್ಲ ಬಿಡಿ, ಪ್ರತಿ ಸಲವೂ ಶ್ರೀಮಂತನ ಕಥೆಯನ್ನೇ ಹೇಳಬೇಕೆಂದು ಯಾರ ಅಪ್ಪಣೆಯಾಗಿದೆ? ಹೆಸರು ವಾಸಣ್ಣ ಎಂದಿಟ್ಟುಕೊಳ್ಳಿ. ಆ ಊರಿನ ಮಠದಲ್ಲಿ ದಿನವೂ ಮುನ್ನೂರು ಜನರ ಊಟ. ನಿಮಗೇ ಗೊತ್ತು, ನೈವೇದ್ಯಕ್ಕೆ ಮೊದಲು ರುಚಿ ನೋಡುವ ಹಾಗಿಲ್ಲ. ನಾಲಿಗೆಗೆ ಒಂದು ಹನಿ ತಾಗಿದರೂ ಇಡೀ ಕೊಪ್ಪರಿಗೆ ಎಂಜಲು. ಹಾಗಾದರೆ ಉಪ್ಪು ಸರಿಯಿದೆಯೆಂದು ತಿಳಿಯುವುದು ಹೇಗೆ? ಮೂಗಿನಿಂದ! ವಾಸಣ್ಣ ಕುದಿಯುವ ಹುಳಿಯ ಆವಿಗೆ ಮುಖವೊಡ್ಡಿ, ಕಣ್ಣು ಮುಚ್ಚಿ, "ಇನ್ನೊಂದು ಹಿಡಿ" ಎಂದರೆ ಅದೇ ಕೊನೆಯ ಮಾತು. ಇಪ್ಪತ್ತು ವರ್ಷ ಆ ಮೂಗು ತಪ್ಪಲಿಲ್ಲ.

ಇಂಥವನನ್ನು ಮಠದವರು ಪಾಕಶಾಲೆಗೆ ಮುಖ್ಯಸ್ಥನನ್ನಾಗಿ ಮಾಡಿದರು. ಮಾಡಲೇಬೇಕಲ್ಲ! ಬಾಗಿಲ ಬಳಿ ಕುರ್ಚಿ ಬಂತು, ಸೊಂಟಕ್ಕೆ ಉಗ್ರಾಣದ ಬೀಗದ ಕೈ ಬಂತು. ನೋಡಿ, ಕುರ್ಚಿಯ ತಪ್ಪೇನಿಲ್ಲ. ಆದರೆ ಅದರಲ್ಲಿ ಕೂತ ವಾಸಣ್ಣ ಏಳಲೇ ಇಲ್ಲ. ಐದು ವರ್ಷ ಆವಿಗೆ ಮುಖವೊಡ್ಡದೆ, ಕೂತಲ್ಲಿಂದಲೇ ಅಡುಗೆ ಮಾಡಿಸಿದ. ಯಾರಾದರೂ ಬಾಯಿ ತೆರೆದರೆ, "ನಂಗೇ ಹೇಳ್ಕೊಡ್ತೀಯೇನೋ? ಹೇಳಿದಷ್ಟು ಮಾಡು!" ಒಳ್ಳೆಯ ಮನುಷ್ಯನೇ ರೀ. ಹಬ್ಬ ಬಂದರೆ ಎಲ್ಲರ ಮಕ್ಕಳಿಗೂ ಉಂಡೆ ಕಟ್ಟಿ ಕಳಿಸುವವನು. ಆದರೂ ಆ ಅಡುಗೆಮನೆಯಲ್ಲಿ ಬಾಯಿ ಅವನೊಬ್ಬನದು, ಉಳಿದವರದು ಬರೀ ಕೈ.

ಆರಾಧನೆಯ ದಿನ ಬಂತು. ಎರಡು ಸಾವಿರ ಜನ. ವಾಸಣ್ಣ ಸಹಾಯಕ ಪಾಂಡುವಿಗೆ ಹುಳಿಗೆ ಉಪ್ಪು ಹಾಕಲು ಹೇಳಿದ. ಅಷ್ಟರಲ್ಲಿ ಯಾರೋ ಕರೆದರು, ಹೋಗಿ ಬಂದ. ಬಂದವನೇ ಮರೆತು ಇನ್ನೊಬ್ಬನಿಗೂ ಅದನ್ನೇ ಹೇಳಿದ. ಆಮೇಲೆ ನೋಡುತ್ತಾನೆ, ಉಪ್ಪಿನ ಮರಿಗೆ ಖಾಲಿ! ಎರಡು ಸಲ ಬಿತ್ತೋ ಏನೋ!

ಎದ್ದು ಕೊಪ್ಪರಿಗೆಯ ಮೇಲೆ ಬಾಗಿದ. ಆವಿ ಬಂತು. ಕಣ್ಣು ಮುಚ್ಚಿದ. ಬಿಸಿ ತಿಳಿಯಿತು, ಇಂಗು ತಿಳಿಯಿತು. ಉಪ್ಪು? ಇಲ್ಲ. ಮತ್ತೆ ಬಾಗಿದ. ಇಲ್ಲ. ಹನ್ನೆರಡು ಮಂದಿ ಸೌಟು ಹಿಡಿದು ಅವನ ಮುಖವನ್ನೇ ನೋಡುತ್ತಿದ್ದಾರೆ. ನೈವೇದ್ಯಕ್ಕೆ ಉಳಿದಿರುವುದು ಒಂದೇ ಗಂಟೆ. "ಸರಿಯಿದೆ" ಎಂದುಬಿಡಬಹುದಿತ್ತು. ದೇವರೇನು ಬಾಯಿಬಿಟ್ಟು ದೂರು ಹೇಳುತ್ತಾನೆಯೇ? ಆದರೆ ಪಂಕ್ತಿಯಲ್ಲಿ ಕೂರುವ ಹಸಿದವರು? ವಾಸಣ್ಣ ಪಾಂಡುವಿನ ಕಡೆ ತಿರುಗಿದ.

"ಪಾಂಡು, ನನ್ನ ಮೂಗು ಕೈಕೊಟ್ಟಿದೆ ಕಣೋ. ನೀನು ನೋಡಪ್ಪ."

ಪಾಂಡು ಬಾಗಲೂ ಇಲ್ಲ. "ಎರಡು ಸಲ ಬಿದ್ದಿದೆ ವಾಸಣ್ಣ. ನಾನು ಹಾಕಿದ ಮೇಲೆ ನನ್ನ ಕಣ್ಣೆದುರಿಗೇ ಇನ್ನೊಬ್ರು ಹಾಕಿದ್ರು."

"ನೋಡಿಯೂ ಸುಮ್ನಿದ್ಯಾ?"

"ಹೇಳೋಕೆ ಹೆದರಿಕೆ ಆಯ್ತು."

ಮೂಗು ಕೈಕೊಟ್ಟದ್ದಕ್ಕಿಂತ ಈ ಮಾತೇ ವಾಸಣ್ಣನಿಗೆ ಹೆಚ್ಚು ಚುರುಕ್ಕೆಂದಿತು. ಬಯ್ಯಲಿಲ್ಲ. ಪಂಚೆ ಎತ್ತಿ ಕಟ್ಟಿದ. ಹುಳಿಯನ್ನು ಎರಡು ಕೊಪ್ಪರಿಗೆಗೆ ಹಂಚಿಸಿದ, ಉಪ್ಪಿಲ್ಲದ ಬೆಂದ ಬೇಳೆ, ಬೆಂದ ಕುಂಬಳಕಾಯಿ ಬಿಂದಿಗೆಗಳಲ್ಲಿ ತರಿಸಿ ತಾನೇ ಸುರಿದ. ಒಂದೊಂದು ಬಿಂದಿಗೆಗೂ ಪಾಂಡುವನ್ನು ಕೇಳಿದ, "ಈಗ?" "ಇನ್ನೂ ಸ್ವಲ್ಪ." "ಈಗ?" ಇಬ್ಬರೂ ತಲೆಗೆ ತಲೆ ತಾಗಿಸಿ ಆವಿ ಕುಡಿದರು. ಆರನೆಯ ಬಿಂದಿಗೆಗೆ ವಾಸಣ್ಣನ ಮೂಗಿನ ತುದಿಯಲ್ಲಿ ಹಳೆಯದೇನೋ ಮಿಸುಕಿತು. "ಸಾಕು" ಎಂದ. "ಸಾಕು" ಎಂದ ಪಾಂಡುವೂ. ಅಂದು ಜನ ಎರಡೆರಡು ಸಲ ಹುಳಿ ಬಡಿಸಿಕೊಂಡರು.

ಮರುದಿನದಿಂದ ಒಂದು ಒಲೆ ವಾಸಣ್ಣನ ಸ್ವಂತದ್ದು. ದಿನಕ್ಕೊಂದು ಪಾತ್ರೆ ಅವನ ಕೈಯದೇ ಅಡುಗೆ. ಕುರ್ಚಿಯೂ ಇತ್ತು, ಬೀಗದ ಕೈಯೂ ಇತ್ತು. ಆದರೆ ದಿನವೂ ಒಬ್ಬನನ್ನು ಕರೆದು, "ಬಾರಪ್ಪ, ನನ್ನದು ಸರಿಯಿದೆಯೇನು ನೋಡು" ಎನ್ನುತ್ತಿದ್ದ.

ನಗುತ್ತಿದ್ದೀರಿ. ನಗಿ. ಇಲ್ಲಿ ಎಷ್ಟು ಜನ ವಾಸಣ್ಣಂದಿರು ಕೂತಿದ್ದೀರಿ ಎಂದು ನನಗೆ ಗೊತ್ತಿಲ್ಲವೇ? ಹೆಡ್‌ಮಾಸ್ಟರಾದ ಮೇಲೆ ಸೀಮೆಸುಣ್ಣ ಮುಟ್ಟದವರು, ಮೇಸ್ತ್ರಿಯಾದ ಮೇಲೆ ಕರಣೆ ಹಿಡಿಯದವರು. ಅಷ್ಟೇಕೆ, ಈ ಪೀಠಕ್ಕೆ ಬಂದ ಮೇಲೆ ನಾನೇ ಗ್ರಂಥ ಬಿಚ್ಚಿ ಕೂತು ಓದದೆ ಎಷ್ಟು ದಿನವಾಯಿತೋ! ಹೇಳುವುದೇ ಆಯಿತು. ನಾಲ್ಕು ಜನ ನಮ್ಮ ಮಾತು ಕೇಳುತ್ತಾರೆಂದರೆ, ಅದು ನಮ್ಮ ಕೈ ಒಮ್ಮೆ ಮಾಡಿದ ಕೆಲಸದ ಪುಣ್ಯ ಕಣಪ್ಪ. ಆ ಪುಣ್ಯವನ್ನು ಕೂತು ಕರಗಿಸಬೇಡಿ.

ಆದ್ದರಿಂದ ನಾಳೆ ಬೆಳಿಗ್ಗೆ ಒಂದು ಕೆಲಸವನ್ನು, ನಿಮ್ಮನ್ನು ದೊಡ್ಡವರನ್ನಾಗಿ ಮಾಡಿದ ಆ ಕೆಲಸವನ್ನು, ನಿಮ್ಮ ಕೈಯಾರೆ ಮಾಡಿ. ನಿಮ್ಮ ಕೈಕೆಳಗಿನ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, "ಸರಿಯಿದೆಯಾ?" ಎಂದು ಕೇಳಿ. ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ಕಾಯಿರಿ. ಅವರು ಹೆದರದೆ "ಇಲ್ಲ" ಎನ್ನುವವರೆಗೂ ಕಾಯಿರಿ.