ಸೋರುವ ತೊಟ್ಟಿಯ ಲೆಕ್ಕ

ಪರೀಕ್ಷೆ ಮುಗಿದು ಶಾಲೆಯ ಗೇಟು ತೆರೆದಾಗ, ಬಸ್ಸಿಗೆ ಕಾಯುತ್ತಿದ್ದ ನರ್ಸಮ್ಮನ ಪಕ್ಕ ತಾಯಿ-ಮಗಳು ಬಂದು ನಿಂತರು. ಇಬ್ಬರ ಕೈಯಲ್ಲೂ ಅದೇ ಗಣಿತದ ಪ್ರಶ್ನೆಪತ್ರಿಕೆ.

“ಅಮ್ಮಾ, ತೊಟ್ಟಿಯ ಲೆಕ್ಕಕ್ಕೆ ಎಷ್ಟು ಬಂತು?”

“ಆರು ಗಂಟೆ.”

“ಒಂಬತ್ತು! ತಳದಲ್ಲಿ ಸೋರೋದನ್ನ ಕಳೀಲಿಲ್ವಾ?”

“ಸೋರೋ ತೊಟ್ಟಿಗೆ ಯಾರೇ ನೀರು ತುಂಬಿಸ್ತಾರೆ?”

ನರ್ಸಮ್ಮ ನಗು ನುಂಗಿಕೊಂಡಳು.

“ತಲೆ ಚಚ್ಕೋಬೇಕು! ಇದು ನಿನ್ನ ಮೂರನೇ ಸಲ. ಹತ್ತನೇ ಕ್ಲಾಸು ಪಾಸಾಗದೆ ಆಫೀಸಲ್ಲಿ ಗುಮಾಸ್ತೆ ಕೆಲಸ ಹೇಗೆ ಕೊಡ್ತಾರೆ? ಜೀವನವೆಲ್ಲ ಅಲ್ಲಿ ಕಸಾನೇ ಗುಡಿಸ್ತೀಯಾ? ಕೊನೇ ಪುಟನಾದ್ರೂ ಬರೆದ್ಯಾ?”

“ಇಲ್ಲ ಕಣೇ. ನೀನು ಮುಂದಿನ ಬೆಂಚಲ್ಲಿ ತಲೆ ಎತ್ತದೆ ಬರೀತಿದ್ದೆ. ನೋಡ್ತಾ ಕೂತ್ಬಿಟ್ಟೆ.”

“ಕಾಪಿ ಹೊಡೆಯೋಕಾ?”

“ಛೀ, ಉತ್ತರಾನಲ್ಲ. ನಿನ್ನನ್ನ.”

ಅಷ್ಟರಲ್ಲಿ ಬಸ್ಸು ಬಂತು.

“ಮುಂದಿನ ಸಲ ನಿನ್ನ ಮುಂದೆ ನಾನಿರಲ್ಲ, ಪೇಪರ್ ನೋಡು,” ಎಂದು ಗದರುತ್ತಾ ಮಗಳು ಅಮ್ಮನ ಚೀಲವನ್ನೂ ತಾನೇ ಹೊತ್ತು ಹತ್ತಿದಳು.