ಗ್ಲೆನಿಸ್ ಕಿಟಕಿಯ ಗುಡ್ಡ

ಶನಿವಾರ ಬೆಳಿಗ್ಗೆ ನಮ್ಮೂರ ಬೇಕರಿಯ ಸಾಲು ಬಾಗಿಲು ದಾಟಿ ಬೀದಿಗೆ ಬಂದಿರುತ್ತದೆ. ನನ್ನ ಮುಂದೆ ನೊಲೀನ್, ಅವಳ ಮುಂದೆ ಗ್ಲೆನಿಸ್. ನೊಲೀನ್ ಗ್ಲೆನಿಸಳನ್ನು ಕೇಳಲು ಶುರು ಮಾಡಿದಳು.

“ಕಲಾಕೇಂದ್ರದಲ್ಲಿ ಉಳ್ಕೊಂಡಿದ್ದ ಚಿತ್ರಗಾರ್ತಿ ಹೊರಟುಹೋದಳಂತಲ್ಲೇ?”

“ಹೂಂ, ಕೇಂದ್ರದವರು ಅವಳಿಗೆ ಕೊಟ್ಟಿದ್ದ ಎರಡು ತಿಂಗಳು ಮುಗೀತು. ಅರ್ಧ ದಿನ ನನ್ನ ಅಡುಗೆಮನೇಲೇ ಇರ್ತಿದ್ಲು. ಕಿಟಕಿಯಾಚೆ ನೋಡ್ಕೊಂಡು ಚಿತ್ರ ಬರೀತಿದ್ಲು.”

“ಅಲ್ಲೇನಿದೆ ಮಣ್ಣು? ನಿನ್ನ ಗಂಡ ಡೆಸ್‌ನ ಮುರುಕಲು ಶೆಡ್ ತಾನೇ?”

“ಅದೇ. ಕುರಿ ಮಾರಿ ಎಷ್ಟೋ ವರ್ಷ ಆಯ್ತು, ಉಣ್ಣೆ ಕತ್ತರಿಸೋ ಶೆಡ್ ಮಾತ್ರ ಕೆಡವಲ್ಲ ಅಂತಿದ್ದ ಡೆಸ್. ಅದರ ಹಿಂದಿನ ಗುಡ್ಡ ನಂಗೆ ಕಾಣಬೇಕು ಅಂತ ಬಡ್ಕೊಂಡೆ, ಕೇಳಲಿಲ್ಲ.”

“ಅವಳಿಗೂ ಹೇಳಿದ್ಯಾ?”

“ಪಾತ್ರೆ ತೊಳೀತಾ ಒಂದು ಸಲ ಹೇಳಿದ್ದೆ, ಅಷ್ಟೇ. ಚಿತ್ರ ಮುಗಿಸಿ ತೋರಿಸಿದ್ಲು ನೋಡು, ನೀರಿನ ಟ್ಯಾಂಕ್ ಇದೆ, ನಮ್ಮ ನಾಯಿ ಇದೆ, ಶೆಡ್ ಇಲ್ಲ! ಆ ಜಾಗದಲ್ಲಿ ಇಡೀ ಗುಡ್ಡ.”

“ಡೆಸ್ ಕೂಗಾಡಿದನಾ?”

“ಇಲ್ಲ ಮಾರಾಯ್ತಿ. ಟೀ ಆರೋವರೆಗೂ ನೋಡ್ತಾ ನಿಂತಿದ್ದ. ಮಾರನೇ ದಿನ ಟ್ರ್ಯಾಕ್ಟರ್ ತಂದು ಶೆಡ್ ಕೆಡವಿದ.”

“ಗೆದ್ದೆ ಬಿಡು!”

“ಎಲ್ಲಿ ಗೆದ್ದೆ? ಈಗ ಶೆಡ್ ಇಲ್ದೆ ಒದ್ದಾಡ್ತಿದಾನೆ. ಕೇಂದ್ರಕ್ಕೆ ಸೋಮವಾರ ಇನ್ನೊಬ್ಬ ಚಿತ್ರಗಾರ ಬರ್ತಾನಲ್ಲ, ಅವನ ಕೈಲಿ ಶೆಡ್ಡಿನ ಚಿತ್ರ ಬರೆಸ್ತಾನಂತೆ. ಹಳೇ ಫೋಟೋ ಹುಡುಕಿ ಇಟ್ಟಿದಾನೆ.”

“ಬರೆಸ್ಲಿ ಬಿಡೇ, ಪಾಪ. ಎಲ್ಲಿ ನೇತುಹಾಕ್ತಾನಂತೆ?”

ಅಷ್ಟರಲ್ಲಿ ಸರದಿ ಬಂದು ಕೊಂಡಿದ್ದ ಬಿಸಿ ಬ್ರೆಡ್ಡನ್ನು ಎದೆಗವಚಿಕೊಂಡು ಗ್ಲೆನಿಸ್ ತಿರುಗಿದಳು.

“ಅದೇ ಕಿಟಕಿಗೆ ಅಡ್ಡ ಕಣೇ!”

ಇಬ್ಬರ ನಗು ಬೀದಿಯ ತಿರುವಿನವರೆಗೂ ಕೇಳಿಸುತ್ತಿತ್ತು.