ಶೇಂದ್ರಾ ಗೇಟಿನ ಗದ್ದಲ

ಹಂಗಲ್ಲ ಭಾಗ್ಯಶ್ರೀ, ಪೂರಾ ಕೇಳು! ನಾ ನಿನ್ನ ಗಂಡನ ಅಣ್ಣ, ವೈರಿ ಏನಲ್ಲ... ಯಾಕ ನಗಲತ್ತಿ? ದವಾಖಾನ್ಯಾಗ ಕುಂತು ನಗ್ತಾರೇನು? ಒಳಗ ಶಿವಲಿಂಗ ತಲಿ ಒಡದು ಬಿದ್ದಾನ, ನಿನ್ನಿಯಿಂದ ಕಣ್ಣ ತೆರದಿಲ್ಲ.

ಹೌದು, ನಮ್ಮಿಬ್ಬರ ಪಕ್ಷ ಬ್ಯಾರೆ. ಅಂವಂದು ಕೆಂಪು ಬಾವುಟ, ನಂದು ಕೇಸರಿ. ಬೀದರದಿಂದ ಒಂದೇ ಬಸ್ಸಿಗೆ ಈ ಶೇಂದ್ರಾದ ಕಾರಖಾನಿಗೆ ಬಂದವರು, ಒಂದೇ ತಾಟಿನಾಗ ಉಂಡವರು... ಈಗ ಅಂವ ನನಗ ಮಾಲಕರ ಚಮಚಾ ಅಂತಾನ, ನಾ ಅವಗ ದೇಶದ್ರೋಹಿ ಅಂದೆ. ಅಂದೆನವ್ವಾ, ಅಂದೆ! ಸಭಾದಾಗ ಮೈಕ್ ಸಿಕ್ಕರ ನಾಲಿಗಿ ಎಲ್ಲಿ ನಿಲ್ತದ? ಮಂದಿ ಚಪ್ಪಾಳಿ ಹೊಡೀತಾರ.

ಅದು ಬಿಡು. ನಿಮ್ಮ ಯೂನಿಯನ್ನಿನವರು ನಮ್ಮ ಆಫೀಸಿಗೆ ಬೆಂಕಿ ಹಚ್ಚ್ಯಾರ. ನಾಶಿಕದಿಂದ ಅವರ ಮಂದಿ ಟೆಂಪೋ ತುಂಬಿ ಬರಲತ್ತಾರಂತ. ನಮ್ಮವರೂ ತಲವಾರ ತೆಗದಾರ. ಇದು ಜಗಳ ಅಲ್ಲ, ಯುದ್ಧ! ನನ್ನ ಮಗ ತನ್ಮಯ ನಮ್ಮವರ ಜೋಡಿ ಕೆಳಗ ಚೌಕದಾಗ ನಿಂತಾನ, ಫೋನ್ ಎತ್ತವಲ್ಲ. ನೀನೇ ಎತ್ತಿ ಆಡಿಸಿದ ಕೂಸು ಅದು... ಒಂದ್ ವಿಡಿಯೋ ಮಾಡು. 'ಸಾಕು ಮಾಡ್ರಿ' ಅನ್ನು, ಅಷ್ಟೇ. ಶಿವಲಿಂಗನ ಹೆಂಡತಿ ಹೇಳಿದರ ಅವರು ಕೇಳ್ತಾರ.

ಹಂಗ್ಯಾಕ ನೋಡಲತ್ತಿ? ಹೊಡದವರು ಯಾರಂತ ನನಗೇನ್ ಗೊತ್ತು! ಗೇಟಿನ ಮುಂದ ಗದ್ದಲಾತು. ಯಾರದೋ ಕೈ, ಯಾರದೋ ಕಲ್ಲು. ಪೊಲೀಸರೂ ಹಂಗೇ ಬರಕೊಂಡಾರ.

ಖರೇನ ಹೊಟ್ಟಿ ಉರೀತದ ಭಾಗ್ಯಾ. ಬಾವುಟ ಯಾವುದರ ಹಿಡೀಲಿ, ಅಂವ ಲಿಂಗಪೂಜಿ ಬಿಟ್ಟವನಲ್ಲ. ಅಂಗೈಯಾಗ ಲಿಂಗ ಇಟ್ಕೊಂಡು, ಕಣ್ಣ ಮುಚ್ಚಿ ಕುಂತವನ ತಲಿಗೆ ರಾಡಿಲೆ ಹೊಡದಾರ, ಪಾಪಿಗಳು...

ಏನಾತು? ಯಾರ ಹೇಳಿದ್ರು ಅಂದ್ರ... ಮಂದಿ... ಇಲ್ಲ, ಪೇಪರಿನಾಗ... ಪೇಪರಿನಾಗ ಬಂದಿಲ್ಲೇನು?

ಹೇಳ್ತೀನಿ, ಹೇಳ್ತೀನಿ.

ನಮ್ಮ ಹುಡುಗರಿಗೆ, ಗೇಟಿನ ಮುಂದಿನ ಮುಷ್ಕರದ ಟೆಂಟ್ ಕಿತ್ತು ಬರ್ರಿ ಅಂದಿದ್ದೆ, ಅಷ್ಟೇ! ಅಂವ ಎದ್ದು ಎದುರ ನಿಂತರ ರಕ್ತ ಹರೀತದ. ಅದಕ್ಕ, ಸಂಜಿ ಪೂಜಿಗೆ ಕುಂತಾಗ ಹೋಗ್ರಿ, ನಡುವ ಏಳಂಗಿಲ್ಲ ಅಂತ ನಾನೇ ಹೊತ್ತು ಹೇಳಿದೆ. ಧರ್ಮದ ಹೆಸರ ಹೇಳೋ ಹುಡುಗರು... ಪೂಜಿಗೆ ಕುಂತವನ ಮ್ಯಾಲೆ ಕೈ ಎತ್ತತಾರೇನು ಅಂದ್ಕೊಂಡೆ!

ಬೈ ನನಗ. ಹೊಡಿ ಬೇಕಾದರ... ಕೇಳಿದ್ಯಾ? ಕೆಳಗ ಟೆಂಪೋ ಬಂದ್ವು. ಶಿವಲಿಂಗನ ಹೆಸರು ಕೂಗಲತ್ತಾರ. ತನ್ಮಯ ಅಲ್ಲೇ ಅದಾನ! ಈ ಖಿಡಕಿಯಾಗ ನಿಂತು ಒಂದೇ ಮಾತ ಹೇಳು ಭಾಗ್ಯಾ, ನಿನ್ನ ಕಾಲ ಹಿಡೀತೀನಿ...

ಎಲ್ಲಿ ಎದ್ದಿ? ಅಯ್ಯೋ... ಖಿಡಕಿ ಯಾಕ ಮುಚ್ಚಲತ್ತಿ?